ಹನ್ನೊಂದು ಒಂದುಗಳ ಕಾಕಾ

ನಮ್ಮ ಕಾಕಾನಿಗೆ ಹುಚ್ಚು ಎಂದು ಹೇಳದವರು ನೇಸರಗಿಯಲ್ಲಿ ಇರಲಿಲ್ಲ. ನಾನು ಮಾತ್ರ ಹಾಗೆ ಹೇಳುವುದಿಲ್ಲ. ಹುಚ್ಚರಿಗೂ ಒಮ್ಮೊಮ್ಮೆ ಬಿಡುವಿರುತ್ತದೆ, ಕಾಕಾನಿಗೆ ಇರಲಿಲ್ಲ.

ಆತನ ತಲೆ ತಿಂದದ್ದು ಒಂದು ಸಂಖ್ಯೆ. ಸಾಲಾಗಿ ಹನ್ನೊಂದು ಸಲ ಒಂದು ಬರೆಯಿರಿ, ಅಷ್ಟೇ. ಓದಿದರೆ ಸಾವಿರದ ನೂರಾ ಹನ್ನೊಂದು ಕೋಟಿ, ಮೇಲೆ ಚಿಲ್ಲರೆ. ಮೂರೇ ಒಂದು ಬರೆದರೆ ಅದು ಮೂವತ್ತೇಳರಿಂದ ಭಾಗವಾಗುತ್ತದೆ, ಐದು ಬರೆದರೆ ನಲವತ್ತೊಂದರಿಂದ. ಏಳು ಒಂದುಗಳನ್ನೂ ಕಾಕಾ ಇನ್ನೂರಾ ಮೂವತ್ತೊಂಬತ್ತರಿಂದ ಒಡೆದಿದ್ದ. ಈ ಹನ್ನೊಂದು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ.

"ಇವು ಏಕಾದಶ ರುದ್ರರು. ರುದ್ರನ್ನ ಯಾರು ಭಾಗ ಮಾಡ್ಯಾರು?" ಎನ್ನುತ್ತಿದ್ದ. ಆದರೂ ಮಾಡಿ ನೋಡುವುದನ್ನು ಬಿಡಲಿಲ್ಲ. ಭಕ್ತಿ ಬೇರೆ, ಖಾತ್ರಿ ಬೇರೆ!

ಅಷ್ಟು ಕಾಗದ ಎಲ್ಲಿಂದ ತರಬೇಕು? ಇದ್ದಿಲು ಹಿಡಿದು ಗೋಡೆಯ ಮೇಲೆಯೇ ಭಾಗಾಕಾರ ಮಾಡುತ್ತಿದ್ದ. ಆತನ ಹೆಂಡತಿ, ನಮ್ಮ ಕಾಕು, ಹಬ್ಬ ಬಂತೆಂದು ಸುಣ್ಣ ಬಳಿದುಬಿಟ್ಟಳು. ಕಾಕಾ ಮುನಿಸಿಕೊಂಡು ಊಟ ಬಿಟ್ಟ.

"ಹೋಗಿದ್ದೇನು ಬಿಡ್ರಿ, ಅದರಾಗ ಒಂದೂ ಭಾಗ ಹತ್ತಿರಲಿಲ್ಲಲ್ಲ" ಎಂದಳು ಆಕೆ.

ಕಾಕಾ ಸ್ವಲ್ಪ ಯೋಚಿಸಿ, ಎದ್ದು ಬಂದು ಎಲೆಯ ಮುಂದೆ ಕುಳಿತ.

ಬೈಲಹೊಂಗಲದ ಬೀಗರ ಮನೆಗೆ ಹೋದಾಗಲೂ ಅದೇ ಕಥೆ. ಅಂಗಳದಲ್ಲಿ ರಂಗೋಲಿ ಪುಡಿ ಕಂಡಿತು; ಶುರು ಮಾಡಿದ. ಬೀಗತಿ ದಾಟಿ ಬರಹೊರಟರೆ, "ನಿಂದರ್ರಿ, ಶೇಷ ಐತಿ ಇಲ್ಲೆ" ಎಂದು ಕೈ ಅಡ್ಡ ಹಿಡಿದ. ಆ ತಾಯಿಗೆ ಗೊತ್ತಿದ್ದ ಶೇಷ ಹೆಡೆ ಇರುವಂಥದ್ದು. ಒಳಗೆ ಓಡಿಹೋಗಿ ಹಾಲು ತಂದು, ಕಣ್ಣು ಮುಚ್ಚಿ ಎರೆದು, ಕೈಮುಗಿದಳು. ಕಾಕಾನ ಅರ್ಧ ದಿನದ ಲೆಕ್ಕ ಹಾಲಿನಲ್ಲಿ ತೇಲಿಹೋಯಿತು.

ಮುಂದೆ ಪ್ಲೇಗು ಬಂತು. ಊರು ಖಾಲಿ ಮಾಡಿ ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಅಲ್ಲಿ ಗೋಡೆಯಿಲ್ಲ, ಕಾಕಾ ಕಡ್ಡಿಯಿಂದ ಮಣ್ಣಿನ ಮೇಲೆ ಬರೆಯುತ್ತ ಕುಳಿತ. ಅಷ್ಟರಲ್ಲಿ ಕಾಕುಗೆ ಜ್ವರ ಬಂದು ಗಂಟು ಎದ್ದಿತು. ಎಲ್ಲರೂ ದೂರ ಸರಿದರು. ಕಾಕಾ ಸರಿಯಲಿಲ್ಲ. ನಾನು ಗಂಜಿ ಒಯ್ದು ಬದುವಿನ ಮೇಲೆ ಇಟ್ಟು ನಿಂತರೆ ಅವರ ಮಾತು ಕೇಳಿಸುತ್ತಿತ್ತು.

"ಭಾಗ ಆತೇನ್ರಿ?"

"ಇನ್ನೂ ಇಲ್ಲ."

"ಹಂಗಾರ ಅದನ್ನ ನೋಡೇ ಹೋಗತೇನಿ. ಇಷ್ಟು ವರ್ಷ ಕಾದೇನಿ, ಉತ್ತರ ತಿಳೀದ ಹ್ಯಾಂಗ ಹೋಗಲಿ?"

ಮರುದಿನ ಕಾಕಾ ಬದುವಿನ ತನಕ ಬಂದ. ಮುಖ ಬಿಳಿಚಿತ್ತು. "ಹತ್ತಿತು. ಇಪ್ಪತ್ತೊಂದು ಸಾವಿರದ ಆರನೂರಾ ನಲವತ್ತೊಂಬತ್ತು. ಶೇಷ ಸೊನ್ನಿ" ಎಂದ. ಆಮೇಲೆ ದನಿ ಇಳಿಸಿ, "ಆಕಿಗೆ ಹೇಳಬ್ಯಾಡ" ಎಂದ.

ಅಂದು ಸಂಜೆ ಆಕೆ ಮತ್ತೆ ಕೇಳಿದಳು. "ಎಲ್ಲೀದು, ಇನ್ನೂ ಭಾಳ ಐತಿ" ಎಂದ ಕಾಕಾ. ಮರುದಿನವೂ ಅದನ್ನೇ ಹೇಳಿದ. ಆಕೆ ಕೇಳುತ್ತಲೇ ಇದ್ದಳು, ಈತ ಸುಳ್ಳು ಹೇಳುತ್ತಲೇ ಇದ್ದ. ಕಡೆಗೊಮ್ಮೆ ಗಂಟು ಒಡೆದು ಜ್ವರ ಇಳಿಯಿತು.

ಊರಿಗೆ ಮರಳಿದ ಮೇಲೆ, ಕಾಕು ತನ್ನ ಕಾಲ ಮೇಲೆ ಓಡಾಡುವುದನ್ನು ಕಣ್ಣಾರೆ ನೋಡಿಕೊಂಡು, ಕಾಕಾ ಅಳುಕುತ್ತ ನಿಜ ಹೇಳಿದ.

ಕಾಕು ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. "ಅವತ್ತ ಗೊತ್ತಾಗಿತ್ತು ನನಗ" ಎಂದಳು. "ಬರಿಯೋದು ಬಿಟ್ಟು ನನ್ನ ಮಾರಿನ ನೋಡಕೋತ ಕುಂತಿದ್ರಲ್ಲ."