ಹಿಂದಕ್ಕೆ ಓಡುವವರ ಟೀಮು

ಗಂಡಸರಿಗೆ ಹುಚ್ಚೊಂದು ಹಿಡಿದರೆ ಅದನ್ನು ಬಿಡಿಸಲು ಹೋಗಬಾರದು, ಪಕ್ಕದಲ್ಲಿ ಒಂದು ಊದುಬತ್ತಿ ಹಚ್ಚಿಟ್ಟು ಸುಮ್ಮನಿರಬೇಕು ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ. ನಮ್ಮ ಮನೆಗೆ ಹಿಡಿದದ್ದು ರೇಸಿನ ಹುಚ್ಚು. ಟಿವಿಯಲ್ಲಿ ಬರುವ ಕಾರುಗಳು ಮುಂದಕ್ಕೆ ಓಡುತ್ತವೆ. ನಮ್ಮವರದು ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ರೇಸು. ಎರಡು ಸುಣ್ಣದ ಗೆರೆಗಳ ನಡುವೆ, ಗಾಲಿ ಗೆರೆ ಮುಟ್ಟದಂತೆ, ಒಂದು ನಿಮಿಷದಲ್ಲಿ ಯಾರು ಹೆಚ್ಚು ದೂರ ಹಿಂದಕ್ಕೆ ಹೋಗುತ್ತಾರೋ ಅವರೇ ಗೆದ್ದಂತೆ. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರಾಲಿ ಬಲಕ್ಕೆ ಹೋಗುತ್ತದೆ. ಸಂಸಾರ ಮಾಡಿದವರಿಗೆ ಇದೇನೂ ಹೊಸದಲ್ಲ.

ಟೀಮು ಅಂದರೆ ಇಬ್ಬರೇ. ಟ್ರ್ಯಾಕ್ಟರ್ ನಮ್ಮ ಯಜಮಾನರದು, ಓಡಿಸುವವನು ನನ್ನ ತಮ್ಮ ಶರಣು. ರಾಯಚೂರಿನ ಅಂಚಿನಲ್ಲಿ, ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ತಾಲೀಮು. ಸುಣ್ಣ ತೀರಿದಾಗ ನನ್ನ ರಂಗೋಲಿ ಡಬ್ಬಿಗೇ ಕೈಹಾಕಿದರು. ಬಾಗಿಲ ಮುಂದೆ ಒಂದೆಳೆ ರಂಗೋಲಿ ಇಲ್ಲ, ಖಾಲಿ ಜಾಗದ ತುಂಬ ಉದ್ದುದ್ದ ಗೆರೆ. ಶಿವ ಅಲ್ಲಿಯೂ ಓಡಾಡುತ್ತಾನೆ ಬಿಡು ಎಂದುಕೊಂಡೆ. ಮೊದಲು ಮಟಮಾರಿಯಲ್ಲಿ ಗೆದ್ದರು, ಆಮೇಲೆ ಹೋದಲ್ಲೆಲ್ಲ ಗೆದ್ದರು. ದೇವರ ಜಗುಲಿಯ ಮೇಲೆ ಟ್ರೋಫಿಗಳು ಎಷ್ಟು ತುಂಬಿದವೆಂದರೆ, ಒಂದು ಮುಂಜಾನೆ ಜಪದ ಗುಂಗಿನಲ್ಲಿ ಟ್ರೋಫಿಗೇ ವಿಭೂತಿ ಹಚ್ಚಿದ್ದೆ. ಇಬ್ಬರೂ ಒಂದೇ ಬಣ್ಣದ ಅಂಗಿ ಹೊಲಿಸಿಕೊಂಡರು. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ನಮ್ಮವರ ಮೀಸೆ ಇದ್ದದ್ದಕ್ಕಿಂತ ದಪ್ಪ.

ಗೆದ್ದಂತೆಲ್ಲ ನಮ್ಮವರ ಗಂಟಲು ದೊಡ್ಡದಾಯಿತು. ತಾವು ಗೆರೆಯ ಪಕ್ಕ ಓಡುತ್ತ ಎಡಕ್ಕೆ, ಬಲಕ್ಕೆ ಎಂದು ಒದರುವುದರಿಂದಲೇ ಗೆಲುವು ಎಂದು ಅವರ ನಂಬಿಕೆ. ಅಷ್ಟರಲ್ಲಿ ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಹೊಸ ಟೀಮು ಕಟ್ಟಿ ಶರಣುವನ್ನು ಕರೆದರು. ಹೋಗುವ ದಿನ ಅವನು ಅಡುಗೆಮನೆಗೆ ಬಂದು, "ಅಕ್ಕಾ, ಹೊಸ ಟ್ರ್ಯಾಕ್ಟರ್ ಕೊಡ್ತಾರಂತ ಹೊಂಟಿಲ್ಲ ನಾ. ಅಲ್ಲಿ ಒದರೋರು ಯಾರೂ ಇಲ್ಲ," ಎಂದ.

ಮೂರು ತಿಂಗಳು ಇಬ್ಬರಿಗೂ ಮಾತಿಲ್ಲ. ಭಾನುವಾರ ತಪ್ಪದೆ ನಮ್ಮಲ್ಲಿ ಉಣ್ಣುತ್ತಿದ್ದ ತಮ್ಮ ಹೊಸ್ತಿಲು ತುಳಿಯಲಿಲ್ಲ. ನಾನು ಮಾತ್ರ ಅವನ ಪಾಲಿನ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ನಮ್ಮವರು ತಾವೇ ಸ್ಟೇರಿಂಗ್ ಹಿಡಿದು, ತಮಗೆ ತಾವೇ ಒದರಿಕೊಂಡು, ಎರಡು ಕಡೆ ಸೋತು ಬಂದರು. ಕೈಕಾಲು ನೆಟ್ಟಗಿದ್ದವಲ್ಲ, ಅಷ್ಟೇ ಪುಣ್ಯ.

ದೇವದುರ್ಗದ ಸ್ಪರ್ಧೆಗೆ ಇಬ್ಬರೂ ಇಳಿಯುತ್ತಾರೆ ಎಂದು ತಿಳಿದಾಗ ನನಗೆ ಅನ್ನ ಸೇರಲಿಲ್ಲ. ಯಾರೇ ಗೆದ್ದರೂ ಇನ್ನೊಬ್ಬರು ಜನ್ಮದಲ್ಲಿ ಮಾತಾಡುವುದಿಲ್ಲ. ಹಿಂದಿನ ದಿನ ಗೂಗಲ್ ಊರಿಗೆ ಹೋಗಿ, ಹೊಳೆದಂಡೆಯ ಪ್ರಭುದೇವರ ಗುಡಿಯಲ್ಲಿ ಬಹಳ ಹೊತ್ತು ಕೂತೆ. ಗಂಡನ ಪರ ಬೇಡಲೇ, ತಮ್ಮನ ಪರ ಬೇಡಲೇ ತಿಳಿಯದೆ ಕೊನೆಗೆ, "ಯಪ್ಪಾ, ಇಬ್ಬರಿಗೂ ಗೆಲುವು ಬ್ಯಾಡ. ಮೈಗೆ ಏನೂ ಆಗದಂಗ ಇಬ್ಬರ್ನೂ ಸೋಲಿಸಿಬಿಡು," ಎಂದೆ.

ಮರುದಿನ ನಮ್ಮವರ ಗಾಲಿ ಅರ್ಧಕ್ಕೇ ಗೆರೆ ಮುಟ್ಟಿತು. ಶರಣು ಮಾತ್ರ ದಾರ ಹಿಡಿದಂತೆ ನೆಟ್ಟಗೆ ಬರುತ್ತಿದ್ದ. ಇನ್ನೇನು ಗೆದ್ದ ಅನ್ನುವಾಗ, ಜನರ ನಡುವೆ ನಿಂತಿದ್ದ ನಮ್ಮವರು ತಡೆಯಲಾರದೆ, "ಬಲಕ್ಕ ಲೇ ಶರಣ್ಯಾ," ಎಂದು ಒದರಿದರು. ವರ್ಷಗಟ್ಟಲೆ ಆ ದನಿಗೆ ಪಳಗಿದ ಕೈ ತಾನಾಗಿ ತಿರುಗಿತು. ಗಾಲಿ ಗೆರೆ ಮುಟ್ಟಿತು, ಸೀಟಿ ಊದಿದರು. ಬಹುಮಾನ ಚಂದ್ರಬಂಡ ಊರಿನ ಟೀಮಿನ ಪಾಲಾಯಿತು.

ಶರಣು ಇಳಿದು ನೆಟ್ಟಗೆ ಇವರ ಹತ್ತಿರವೇ ಬಂದ. ಜನರನ್ನು ಸರಿಸಿಕೊಂಡು ನಾನೂ ಅಲ್ಲಿಗೆ ಓಡಿದೆ.

"ಮಾಮಾ, ಯಾರ ಟೀಮಿಗೆ ಒದರಾಕತ್ತಿದ್ದಿ ನೀ?"

"ಗಾಲಿ ಗೆರಿಗೆ ಹತ್ತತೈತಿ ಅನಿಸ್ತಲೇ. ನೀ ಸೋಲೂದು ನೋಡಾಕ ಆಗಲಿಲ್ಲ ನನಗ."

ಶರಣು ನಕ್ಕುಬಿಟ್ಟ. ಆ ರಾತ್ರಿ ನಮ್ಮ ಮನೆಯಲ್ಲೇ ಉಂಡ. ಊಟದ ನಡುವೆ ನಮ್ಮವರು, ಗೂಗಲ್ಲಿನಲ್ಲಿ ಏನು ಬೇಡಿಕೊಂಡೆ ಎಂದು ಕೇಳಿದರು. ದೇವರ ವಿಷಯದಲ್ಲಿ ಸುಳ್ಳೇಕೆಂದು ಇದ್ದದ್ದು ಇದ್ದಂತೆ ಹೇಳಿದೆ. ಇಬ್ಬರ ಕೈಯಲ್ಲಿಯೂ ರೊಟ್ಟಿ ನಿಂತಿತು. ಇನ್ನು ಮುಂದೆ ಟೀಮಿನ ವಿಚಾರಕ್ಕೆ ನಾನು ಗುಡಿಗೆ ಹೋಗಕೂಡದು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಮೂರು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಇಷ್ಟು ದೊಡ್ಡ ಉಪಕಾರಕ್ಕೆ ಸುಮ್ಮನಿರುವುದು ಹೇಗೆ? ಮರುದಿನವೇ ಗೂಗಲ್ಲಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಮನೆಯಲ್ಲಿ ಸಂತೆಗೆ ಹೋಗಿದ್ದೆ ಎಂದು ಹೇಳಿದ್ದೇನೆ. ಕಾಯಿಪಲ್ಯ ಎಲ್ಲಿ ಎಂದು ಇಬ್ಬರೂ ಇನ್ನೂ ಕೇಳಿಲ್ಲ.