ಹತ್ತು ತೂತಿನ ಸ್ಪ್ಯಾನರೂ ಮೂರು ಕೆಂಪು ಗೆರೆಯೂ

ಹಳೆಯ ಸೈಕಲ್ ಇಟ್ಟುಕೊಂಡವನ ಬದುಕಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ಆಗಿಯೇ ಆಗುತ್ತದೆ. ಆಗುವ ಹೊತ್ತಿಗೆ ಮಾತ್ರ ಅವನೊಬ್ಬನಿಗೆ ನಗು ಬರುವುದಿಲ್ಲ. ನನಗೆ ನಗು ಬರಲು ಕೆಲವು ವರ್ಷಗಳೇ ಬೇಕಾದವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಪಂಪ್‌ವೆಲ್‌ನಿಂದ ಸ್ವಲ್ಪ ಆಚೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ಟ್ರು. ಮನೆ ಶಕ್ತಿನಗರದಲ್ಲಿ. ಸೈಕಲ್ ನನ್ನ ಸೋದರಮಾವನದ್ದು. ಹದಿನೈದು ವರ್ಷ ತುಳಿದು, "ಇನ್ನು ಆಗುವುದಿಲ್ಲ" ಎಂದು ಪ್ರೀತಿಯಿಂದ ನನಗೆ ಕೊಟ್ಟಿದ್ದರು. ಆಗದ್ದು ಅವರಿಂದಲೋ ಸೈಕಲ್ಲಿನಿಂದಲೋ ಎಂದು ನಾನು ಆಗ ಕೇಳಲಿಲ್ಲ.

ನಮ್ಮ ಶಾಲೆಯಲ್ಲಿ ಒಂಬತ್ತೂವರೆಗೆ ಬೆಲ್. ಒಂಬತ್ತು ಮೂವತ್ತೈದಕ್ಕೆ ಹೆಡ್‌ಮಾಸ್ಟ್ರು ಹಾಜರಿ ಪುಸ್ತಕ ಎಳೆದುಕೊಂಡು, ಸಹಿ ಇಲ್ಲದ ಹೆಸರಿನ ಎದುರು ಸ್ಕೇಲ್ ಇಟ್ಟು ಕೆಂಪು ಗೆರೆ ಹಾಕುತ್ತಿದ್ದರು. ಮೂರು ಗೆರೆಯಾದರೆ ಒಂದು ದಿನದ ರಜೆ ಹೋಯಿತು. ಆರಡಿ ಎತ್ತರದ ಮನುಷ್ಯ, ಆರಡಿ ಎತ್ತರದ್ದೇ ಎನ್ನಬಹುದಾದ ಸೈಕಲ್. "ಇಪ್ಪತ್ತು ವರ್ಷದಿಂದ ಇದೇ ಸೈಕಲ್. ಒಂದು ದಿನ ಲೇಟ್ ಆದವನಲ್ಲ" ಎಂದು ತಿಂಗಳಿಗೊಮ್ಮೆಯಾದರೂ ನಮಗೆ ಕೇಳಿಸುತ್ತಿದ್ದರು. ನಾನು ತಡವಾಗಿ ಹೋಗಿ "ಸೈಕಲ್ ಹಾಳಾಯ್ತು ಸರ್" ಎಂದರೆ ಕನ್ನಡಕದ ಮೇಲಿನಿಂದ ನೋಡಿ, "ನಮ್ಮ ಶಾಲೆಯ ಅಷ್ಟೂ ಮಕ್ಕಳಿಗಿಂತ ನಿಮ್ಮ ಒಂದು ಸೈಕಲ್ಲಿಗೆ ಕಾಯಿಲೆ ಜಾಸ್ತಿ" ಎನ್ನುತ್ತಿದ್ದರು. ನಂಬುತ್ತಿರಲಿಲ್ಲ. ಅದು ನನಗೆ ಗೆರೆಗಿಂತ ಹೆಚ್ಚು ನೋಯುತ್ತಿತ್ತು.

ಆ ವರ್ಷವಂತೂ ರಜೆ ಎಂದರೆ ನನಗೆ ಜೀವ. ಹೆಂಡತಿ ಚೊಚ್ಚಲ ಹೆರಿಗೆಗೆ ಪುತ್ತೂರಿನ ತವರಿಗೆ ಹೋಗಿದ್ದಳು. ಹೆಣ್ಣು ಮಗುವಾಗಿತ್ತು. ಹುಟ್ಟಿದಾಗ ಓಡಿ ಹೋಗಿ ನೋಡಿದ್ದು ಒಮ್ಮೆ, ಅಷ್ಟೇ. ರಜೆಯೆಲ್ಲ ಖರ್ಚಾಗಿ ಒಂದೇ ಒಂದು ಉಳಿದಿತ್ತು. ಅದನ್ನು ನಾಮಕರಣಕ್ಕೆಂದು ತೆಗೆದಿಟ್ಟಿದ್ದೆ. ಹೆಂಡತಿಯ ಕಾಗದ ಬಂದಿತ್ತು: "ಮಗುವಿಗೆ ನಲವತ್ತು ದಿನ ಕಳೆದ ಮೇಲಿನ ಗುರುವಾರ ಹೆಸರಿಡುವುದು. ಸೈಕಲ್ ಹಾಳಾಯಿತು ಎಂದು ಇಲ್ಲಿಗೂ ಬರೆಯಬೇಡಿ. ಪುತ್ತೂರಿಗೆ ಬಸ್ ಉಂಟು."

ಆ ಕಾಗದ ಓದಿದ ಶನಿವಾರವೇ ನಾನು ಪಂಪ್‌ವೆಲ್‌ನ ಸೈಕಲ್ ಶಾಪಿಗೆ ಹೋದೆ.

ಆಯ್ಕೆ

ಪಂಪ್‌ವೆಲ್‌ನಲ್ಲಿ ಆಗ ಮೇಲ್ಸೇತುವೆಯೂ ಇರಲಿಲ್ಲ, ಈಗಿನ ಗದ್ದಲವೂ ಇರಲಿಲ್ಲ. ಶಾಪಿನ ಸಾಹೇಬರು ಬೆಂಚಿನ ಮೇಲೆ ಕುಳಿತು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು.

"ಸಾಹೇಬ್ರೆ, ದಾರಿಯಲ್ಲಿ ಸೈಕಲ್ ಕೆಟ್ಟರೆ ನಾನೇ ಸರಿ ಮಾಡ್ಕೊಳ್ಳುವಂಥ ಒಂದು ಸಾಮಾನು ಬೇಕು. ಒಂದೇ ಇರಬೇಕು, ಎಲ್ಲದಕ್ಕೂ ಆಗಬೇಕು, ಕಿಸೆಯಲ್ಲಿ ಹಿಡಿಸಬೇಕು."

ಅವರು ಎರಡು ಸಾಮಾನು ತಂದಿಟ್ಟರು. ಒಂದು ಕಪ್ಪು ಕಬ್ಬಿಣದ ಸ್ಪ್ಯಾನರ್. ಎರಡು ತುದಿಗೂ ಉರುಟು ತಲೆ, ತಲೆಗಳ ಸುತ್ತ ಬೇರೆ ಬೇರೆ ಅಳತೆಯ ಹತ್ತು ತೂತು. ನೋಡಲಿಕ್ಕೆ ನಾಯಿ ಕಚ್ಚಿಕೊಂಡು ಹೋಗುವ ಮೂಳೆಯ ಹಾಗೆ. ಇನ್ನೊಂದು ಅವರ ಭಾವ ದುಬೈಯಿಂದ ಪೆಟ್ಟಿಗೆಗಟ್ಟಲೆ ತಂದ ಸಾಮಾನು. ಬಿಡಿಸಿದರೆ ಕತ್ತರಿ, ಚೂರಿ, ಇಕ್ಕಳ, ಸ್ಕ್ರೂಡ್ರೈವರ್, ಡಬ್ಬ ತೆರೆಯುವುದು, ಬಾಟಲಿ ತೆರೆಯುವುದು, ಮೀನಿನ ಹುರುಪೆ ತೆಗೆಯುವುದು, ನಟ್ಟು ತಿರುಗಿಸುವ ಮೂರು ಬಾಯಿ. ಮಡಚಿದರೆ ಪುನಃ ಅಂಗೈಯಷ್ಟು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಯಾವುದು ಒಳ್ಳೆಯದು?"

"ಅದು ನೋಡ್ಲಿಕ್ಕೆ, ಇದು ಮಾಡ್ಲಿಕ್ಕೆ" ಎಂದು ಸಾಹೇಬರು ಮೂಳೆಯನ್ನು ಮುಂದೆ ತಳ್ಳಿದರು.

ಹೊಳೆಯುವುದನ್ನು ನಾನು ಬಿಡುತ್ತೇನೆಯೇ! ಸನ್ನೆ ಎಂದರೇನು, ಆಧಾರ ಬಿಂದು ಎಂದರೇನು, ಹಿಡಿ ಉದ್ದವಾದಷ್ಟೂ ಬಲ ಹೇಗೆ ಕಡಿಮೆ ಸಾಕು ಎಂದು ಐದು ನಿಮಿಷ ವಿವರಿಸಿದೆ. ಒಂಬತ್ತನೇ ಕ್ಲಾಸಿನ ಪಾಠ, ನನಗೆ ಬಾಯಿಪಾಠ. ಅವರು ಟ್ಯೂಬ್ ಕೆಳಗಿಟ್ಟು ಗೌರವದಿಂದ ಕೇಳಿದರು.

"ಎಲ್ಲ ಸರಿ ಮಾಸ್ಟ್ರೇ. ನೀವು ಈವರೆಗೆ ಎಷ್ಟು ನಟ್ಟು ಬಿಚ್ಚಿದ್ದೀರಿ?"

"ಕೈಯಾರೆ ಒಂದೂ ಇಲ್ಲ."

"ಹಾಗಾದ್ರೆ ದುಬೈಯದ್ದೇ ತಕ್ಕೊಳ್ಳಿ" ಎಂದರು. "ಬಿಚ್ಚದವರಿಗೆ ಯಾವುದಾದರೂ ಆಗ್ತದೆ."

ಬಿಕರ್ನಕಟ್ಟೆಯಲ್ಲಿ

ಐದನೇ ದಿನ ಗುರುವಾರ. ಬಿಕರ್ನಕಟ್ಟೆ ದಾಟುವಾಗ ಹಿಂದಿನ ಚಕ್ರದ ನಟ್ಟು ಸಡಿಲವಾಗಿ ಚಕ್ರ ಓರೆಯಾಯಿತು. ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವೇ ಆಯಿತು. ಕಿಸೆಯಿಂದ ದುಬೈ ತೆಗೆದೆ.

ಅಲ್ಲಿಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಗುರುವಾರ ಜನ ಹೆಚ್ಚು. ಬಸ್ಸಿನಿಂದ ಇಳಿದವರೆಲ್ಲ ಹೊಳೆಯುವ ಸಾಮಾನು ನೋಡಿ ನಿಂತರು. ನಾನು ಮೊದಲನೇ ಬಾಯಿ ಇಟ್ಟೆ, ದೊಡ್ಡದಾಯಿತು. ಎರಡನೆಯದು ಸಣ್ಣದಾಯಿತು. ಮೂರನೆಯದು ಹಿಡಿದ ಹಾಗೆ ಮಾಡಿ ಜಾರಿತು. ನಮ್ಮ ಸೈಕಲ್ಲಿನ ನಟ್ಟುಗಳು ಇಂಗ್ಲಿಷರ ಕಾಲದ ಇಂಚಿನ ಲೆಕ್ಕದವು, ಅದು ಮಿಲಿಮೀಟರಿನದ್ದು. ಅಳತೆಯ ಮಾನಗಳ ಪಾಠವನ್ನೂ ನಾನೇ ಮಾಡುತ್ತಿದ್ದವನು!

ಅಷ್ಟರಲ್ಲಿ ಒಬ್ಬ ಹೆಂಗಸು, "ಸ್ವಲ್ಪ ಆ ಕತ್ತರಿ ಕೊಡ್ತೀರಾ? ಮೊಂಬತ್ತಿಯ ಕಟ್ಟು ಬಿಚ್ಚಲಿಕ್ಕೆ ಆಗ್ತಾ ಇಲ್ಲ" ಎಂದರು. ಕತ್ತರಿಸಿ ಕೊಟ್ಟೆ. ಅವರ ಗಂಡನ ಕೊಡೆಯ ಕಡ್ಡಿ ಬಗ್ಗಿತ್ತು, ಇಕ್ಕಳದಿಂದ ನೆಟ್ಟಗಾಯಿತು. ಒಬ್ಬ ಅಜ್ಜನ ಕನ್ನಡಕದ ಸ್ಕ್ರೂ ಬಿಗಿಯಾಯಿತು. ಗೂಡಂಗಡಿಯವನು ಎರಡು ಶರಬತ್ತಿನ ಬಾಟಲಿ ತಂದು ತೆರೆಸಿಕೊಂಡು ಹೋದ. ಕಾಲು ಗಂಟೆಯಲ್ಲಿ ಅಲ್ಲಿದ್ದವರ ಕಷ್ಟವೆಲ್ಲ ಪರಿಹಾರವಾಯಿತು.

"ಎಂಥ ಸಾಮಾನು ಮಾರಾಯ್ರೆ! ಇದರಲ್ಲಿ ಆಗದ ಕೆಲಸ ಉಂಟಾ?" ಎಂದರು ಅಜ್ಜ, ಬಿಗಿಯಾದ ಕನ್ನಡಕದಲ್ಲಿ ನನ್ನ ಓರೆ ಚಕ್ರವನ್ನು ಸ್ಪಷ್ಟವಾಗಿ ನೋಡುತ್ತಾ.

ಸೈಕಲ್ಲಿನ ಹಿಂಬದಿಯನ್ನು ಎತ್ತಿಕೊಂಡು ನಡೆದೆ. ಮೊದಲನೇ ಕೆಂಪು ಗೆರೆ.

ದುಬೈಗೆ ಬಡ್ತಿ

ಮನೆಯಲ್ಲಿ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹುರುಪೆ ತೆಗೆಯುವ ಅಲಗು ಸಿಕ್ಕಿದ ಕೂಡಲೇ ಅವಳ ಮುಖ ಅರಳಿತು. ಆವತ್ತು ಹನ್ನೆರಡು ಬಂಗುಡೆ ಮೀನು ಅದರಿಂದಲೇ ಸಾಫ್ ಆದವು.

"ಅಮ್ಮ, ಅದು ಸೈಕಲ್ಲಿನದ್ದು."

"ಸೈಕಲ್ಲಿಗೆ ಹುರುಪೆ ಉಂಟಾ?" ಎಂದು ಕೇಳಿದಳು.

ಆದರೂ ಛಲ ಬಿಡದೆ ಮರುದಿನ ತೊಳೆದು ಕಿಸೆಗೆ ಹಾಕಿಕೊಂಡೆ. ನಮ್ಮ ಓಣಿಯ ಬೆಕ್ಕುಗಳು ತಿರುವಿನವರೆಗೆ ಹಿಂದೆಯೇ ಬಂದವು. ಹತ್ತನೇ ಕ್ಲಾಸಿನಲ್ಲಿ ಪಾಠ ಮಾಡುವಾಗ ಮುಂದಿನ ಬೆಂಚು ಮೂಗು ಮುಚ್ಚಿಕೊಂಡಿತು. ಸಂಜೆಯೇ ದುಬೈಯನ್ನು ಅಡುಗೆಮನೆಗೆ ಕಾಯಂ ಮಾಡಿ ಪಂಪ್‌ವೆಲ್‌ಗೆ ಹೋದೆ.

ಸಾಹೇಬರು ಹತ್ತು ತೂತಿನ ಮೂಳೆಯನ್ನು ಕಾಗದದಲ್ಲಿ ಸುತ್ತಿ ತಯಾರು ಇಟ್ಟಿದ್ದರು. ನನ್ನ ಸೈಕಲ್ಲಿನ ಒಂದೊಂದು ನಟ್ಟಿಗೂ ಯಾವ ತೂತು ಎಂದು ತೋರಿಸಿ, ಎಲ್ಲವನ್ನೂ ನನ್ನ ಕೈಯಿಂದಲೇ ಬಿಚ್ಚಿಸಿ, ನನ್ನಿಂದಲೇ ಹಾಕಿಸಿದರು. ಬೆರಳ ಸಿಪ್ಪೆ ಕಿತ್ತುಹೋಯಿತು, ಕೆಲಸ ಬಂತು.

"ನಾನು ಬರುವ ಮೊದಲೇ ಕಾಗದ ಸುತ್ತಿ ಇಟ್ಟಿದ್ದೀರಲ್ಲ ಸಾಹೇಬ್ರೆ?"

"ಬಂಗುಡೆಯ ಸೀಸನ್ ಅಲ್ವಾ ಮಾಸ್ಟ್ರೇ. ದುಬೈಯದ್ದನ್ನು ಅಡುಗೆಮನೆಗೆ ಕೊಟ್ಟು ಇದಕ್ಕೆ ಬಂದವರಲ್ಲಿ ನೀವು ಐವತ್ತನೆಯವರೋ ಎಂತದೋ."

ಗಡಿಯಾರ

ಹತ್ತು ತೂತಿನದ್ದು ನಿಜಕ್ಕೂ ಒಳ್ಳೆಯ ಸಾಮಾನು. ಅದರ ಒಂದೇ ದೋಷ ಎಂದರೆ ಅದು ನನ್ನ ಹತ್ತಿರ ಉಂಟು ಎಂದು ಓಣಿಗೆಲ್ಲ ಗೊತ್ತಾದದ್ದು.

ಪಕ್ಕದ ಮನೆಯ ಧಣಿಗಳು ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಆರಾಮವಾಗಿ ಮನೆಯಲ್ಲಿದ್ದವರು. ಒಂದು ಭಾನುವಾರ, "ಗೇಟಿನ ನಟ್ಟು ಬಿಗಿ ಮಾಡಿ ಈಗ ಕೊಡ್ತೇನೆ" ಎಂದು ಸ್ಪ್ಯಾನರ್ ತೆಗೆದುಕೊಂಡು ಹೋದರು. ಸೋಮವಾರ ಬೆಳಿಗ್ಗೆ ನನ್ನ ಸೀಟು ಸಡಿಲವಾಗಿ ಎಡಕ್ಕೂ ಬಲಕ್ಕೂ ತಿರುಗಲು ಶುರು ಮಾಡಿತು. ಧಣಿಗಳ ಮನೆಗೆ ಓಡಿದೆ.

"ಸ್ಪ್ಯಾನರಾ? ಇಲ್ಲೇ ಎಲ್ಲಿಯೋ ಉಂಟು. ಕೂತ್ಕೊಳ್ಳಿ, ಚಾ ಕುಡಿಯುವ."

ಗೇಟಿನ ಹತ್ತಿರ ಹುಡುಕಿದೆವು. ಬಾವಿಕಟ್ಟೆಯ ಮೇಲೆ, ತೆಂಗಿನ ಬುಡದಲ್ಲಿ, ಅವರ ಕುರ್ಚಿಯ ಅಡಿಯಲ್ಲಿ ಹುಡುಕಿದೆವು. ಇಲ್ಲ. ಸೋತು ಜಗಲಿಯಲ್ಲಿ ನಿಂತಾಗ ಟಿಕ್ ಟಿಕ್ ಎಂದು ಕೇಳಿಸಿತು. ಗೋಡೆಯಲ್ಲಿ ಅವರ ಅಜ್ಜನ ಕಾಲದ ಗಡಿಯಾರ. ಎರಡು ವರ್ಷದಿಂದ ನಿಂತದ್ದು ಈಗ ನಡೆಯುತ್ತಿತ್ತು. ಗಾಜಿನ ಒಳಗೆ, ಲೋಲಕದ ಗುಂಡು ಇರಬೇಕಾದಲ್ಲಿ, ನನ್ನ ಸ್ಪ್ಯಾನರ್ ತೂಗುತ್ತಿತ್ತು.

"ಹೌದಲ್ಲ, ನಿನ್ನೆ ನಾನೇ ಕಟ್ಟಿ ಮರೆತೇಬಿಟ್ಟೆ. ಗುಂಡು ಕಳೆದುಹೋಗಿತ್ತು. ಇದಕ್ಕೆ ಹೇಗೂ ತೂತು ಉಂಟಲ್ಲ, ದಾರ ಹಾಕಿದೆ" ಎಂದರು ಧಣಿಗಳು ಹೆಮ್ಮೆಯಿಂದ.

"ಅಲ್ಲ ಧಣಿಗಳೇ, ಸ್ಪ್ಯಾನರನ್ನು ಯಾರಾದರೂ ಗಡಿಯಾರಕ್ಕೆ ಕಟ್ತಾರಾ?"

"ನೀವೇ ಅಲ್ವಾ ಮಾಸ್ಟ್ರೇ ನಮ್ಮ ಮೊಮ್ಮಗಳಿಗೆ ಪಾಠ ಮಾಡುವಾಗ ಹೇಳಿದ್ದು? ಲೋಲಕಕ್ಕೆ ಉದ್ದ ಮುಖ್ಯ, ತೂಕ ಎಷ್ಟಾದರೂ ಆಗ್ತದೆ ಅಂತ. ನಾನು ಇಲ್ಲಿಂದಲೇ ಕೇಳಿದೆ."

ನಾನು ಗಾಜಿನ ಬಾಗಿಲು ತೆರೆದು ಕೈ ಹಾಕಿದೆ. ಅವರು ಗಾಬರಿಯಿಂದ ನನ್ನ ಕೈ ಹಿಡಿದರು. "ತೆಗೀಬೇಡಿ, ಟೈಮ್ ನಿಂತುಹೋಗ್ತದೆ!"

ನಿಂತದ್ದು ಅವರ ಗಡಿಯಾರ ಮಾತ್ರ. ಶಾಲೆಯದ್ದೂ ನಿಂತಿದ್ದರೆ ನನಗೆ ಎರಡನೇ ಕೆಂಪು ಗೆರೆ ಬೀಳುತ್ತಿರಲಿಲ್ಲ.

ಹೆಡ್‌ಮಾಸ್ಟ್ರ ಸಾಕ್ಷಿ

ನಾಮಕರಣಕ್ಕೆ ಎರಡೇ ದಿನ ಇತ್ತು. ಎರಡು ಗೆರೆ, ಒಂದು ರಜೆ. ಇನ್ನೊಂದು ಗೆರೆ ಬಿದ್ದರೆ ರಜೆಯೂ ಇಲ್ಲ, ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಅಪ್ಪನೂ ಇಲ್ಲ. ಆ ಮಂಗಳವಾರ ಶಾಲೆಗೆ ಇನ್‌ಸ್ಪೆಕ್ಷನ್ ಬೇರೆ. ನಾನು ಒಂದು ಗಂಟೆ ಮೊದಲೇ ಎದ್ದು ಎಲ್ಲ ನಟ್ಟು ಬಿಗಿಮಾಡಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೆ. ಸೈಕಲ್ ಹೂವಿನ ಹಾಗೆ ಹೋಗುತ್ತಿತ್ತು. ಪಂಪ್‌ವೆಲ್ ದಾಟುವಾಗ ಗಂಟೆ ಒಂಬತ್ತು ಹದಿನೈದು. ಮನಸ್ಸಿನಲ್ಲಿ ಆಗಲೇ ಪುತ್ತೂರು ಮುಟ್ಟಿದ್ದೆ.

ರಸ್ತೆಯ ಬದಿಯಲ್ಲಿ ಆರಡಿಯ ಸೈಕಲ್ಲು, ಆರಡಿಯ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಪೆಡಲಿನ ದಂಡ ಬಿಗಿ ಹಿಡಿಯುವ ಪಿನ್ನು ಹೊರಗೆ ಬಂದು ದಂಡ ಜೋತುಬಿದ್ದಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

"ಎಂತ ಆಯ್ತು ಸರ್?"

"ಸೈಕಲ್ ಹಾಳಾಯ್ತು" ಎಂದರು ಸಣ್ಣ ಸ್ವರದಲ್ಲಿ. ಆ ಎರಡು ಶಬ್ದ ಹೇಳುವುದು ಎಷ್ಟು ಕಷ್ಟ ಎಂದು ನನಗಲ್ಲದೆ ಯಾರಿಗೆ ಗೊತ್ತು!

"ಹತ್ತು ನಿಮಿಷದ ಕೆಲಸ ಸರ್, ನಾನು ಮಾಡಿ ಕೊಡ್ತೇನೆ."

"ಹತ್ತು ನಿಮಿಷ ನಿಲ್ಲಲಿಕ್ಕಿಲ್ಲ. ಇನ್‌ಸ್ಪೆಕ್ಟರು ಬರುವ ಮೊದಲು ನಾನು ಕುರ್ಚಿಯಲ್ಲಿ ಇರಬೇಕು. ನಿಮ್ಮ ಸೈಕಲ್ ಕೊಡಿ. ನನ್ನದನ್ನು ಸರಿ ಮಾಡಿ ತನ್ನಿ."

"ಸರ್, ನನ್ನ ಹಾಜರಿ..." ಎನ್ನುವಷ್ಟರಲ್ಲಿ ಅವರ ಮೊಣಕಾಲುಗಳು ಹ್ಯಾಂಡಲಿಗೆ ಬಡಿಯುತ್ತಾ ತಿರುವು ದಾಟಿಯಾಗಿತ್ತು.

ಕಲ್ಲಿನಿಂದ ಪಿನ್ನು ಹೊಡೆದು ಕೂರಿಸಿದೆ. ಏಳನೇ ತೂತು ನಟ್ಟಿಗೆ ಸರಿಯಾಗಿ ಹಿಡಿಯಿತು. ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು, ಆದರೆ ಹತ್ತುವುದಕ್ಕೆ ಹದಿನೈದು ನಿಮಿಷ ಬೇಕಾಯಿತು. ಒಂದು ಪೆಡಲ್ ಮುಟ್ಟಿದರೆ ಇನ್ನೊಂದು ಮುಟ್ಟುವುದಿಲ್ಲ. ಕಡೆಗೆ ಮೈಲಿಕಲ್ಲಿನ ಮೇಲೆ ನಿಂತು ಹಾರಿ ಕುಳಿತೆ, ಇಳಿಯುವಾಗ ಶಾಲೆಯ ಕಾಂಪೌಂಡ್ ಗೋಡೆಗೆ ಒರಗಿ ಇಳಿದೆ.

ಗಂಟೆ ಒಂಬತ್ತು ನಲವತ್ತೈದು. ಆಫೀಸಿನಲ್ಲಿ ಇನ್‌ಸ್ಪೆಕ್ಟರು ಬೊಂಡದ ಎಳನೀರು ಕುಡಿಯುತ್ತಾ ಹಾಜರಿ ಪುಸ್ತಕ ನೋಡುತ್ತಿದ್ದರು. ನನ್ನ ಹೆಸರಿನ ಎದುರು ಕೆಂಪು ಶಾಯಿ ಇನ್ನೂ ಒಣಗಿರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಮೂವತ್ತೈದಾಯಿತು, ಹೆಡ್‌ಮಾಸ್ಟ್ರ ಕೈ ತನ್ನಷ್ಟಕ್ಕೆ ಸ್ಕೇಲ್ ಇಟ್ಟು ಎಳೆದುಬಿಟ್ಟಿತ್ತು.

"ಇವರಿಗೆ ಇದು ಮೂರನೆಯದಲ್ವಾ? ಎಂತ ಕಾರಣ?" ಎಂದರು ಇನ್‌ಸ್ಪೆಕ್ಟರು.

ಹೆಡ್‌ಮಾಸ್ಟ್ರಿಗೆ ಶಿಸ್ತು ತೋರಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದೆಲ್ಲಿ? "ಯಾವಾಗಲೂ ಸೈಕಲ್ಲಿನದ್ದೇ ನೆವ ಸರ್. ಹಾಳಾಯ್ತು, ಹಾಳಾಯ್ತು ಅಂತ. ಇವತ್ತು ಇವರ ಸೈಕಲ್ಲಿನಲ್ಲಿ ನಾನೇ ಬಂದಿದ್ದೇನೆ. ಎಂತದೂ ಆಗ್ಲಿಲ್ಲ, ಫಸ್ಟ್ ಕ್ಲಾಸ್ ಓಡ್ತದೆ!"

ಇನ್‌ಸ್ಪೆಕ್ಟರು ಬೊಂಡ ಕೆಳಗಿಟ್ಟರು. ಎಣ್ಣೆ ಮೆತ್ತಿದ ನನ್ನ ಎರಡು ಕೈಗಳನ್ನು ನೋಡಿದರು. ಕಿಟಕಿಯ ಹೊರಗೆ ಗೋಡೆಗೆ ಒರಗಿದ್ದ ಆರಡಿಯ ಸೈಕಲ್ಲನ್ನು ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು:

"ಹಾಗಾದ್ರೆ ಇವರು ಯಾವುದರಲ್ಲಿ ಬಂದದ್ದು?"

ಹೆಡ್‌ಮಾಸ್ಟ್ರು ಸ್ಕೇಲ್ ಎತ್ತಿ ಡ್ರಾಯರಿಗೆ ಹಾಕಿದರು. ನಾನು ಹೇಳಿದೆ, "ಹೆಡ್‌ಮಾಸ್ಟ್ರ ಸೈಕಲ್ಲಿನಲ್ಲಿ ಸರ್. ಅದು ಹಾಳಾಗಿತ್ತು." ನನ್ನ ನೌಕರಿಯಲ್ಲಿ ಆ ಕಾರಣವನ್ನು ಯಾರಾದರೂ ನಂಬಿದ್ದು ಅದೇ ಮೊದಲು.

ಸಂಜೆ ಹೆಡ್‌ಮಾಸ್ಟ್ರು ಕರೆಸಿದರು. ಹಾಜರಿ ಪುಸ್ತಕ ತೆರೆದೇ ಇತ್ತು. "ಗೆರೆ ಅಳಿಸ್ಲಿಕ್ಕೆ ಆಗುವುದಿಲ್ಲ ಮಾಸ್ಟ್ರೇ, ರಿಜಿಸ್ಟರ್ ಅದು" ಎಂದು, ಗೆರೆಯ ಮೇಲೆಯೇ ಸಣ್ಣ ಅಕ್ಷರದಲ್ಲಿ "ಕಚೇರಿ ಕೆಲಸದ ನಿಮಿತ್ತ" ಎಂದು ಬರೆದರು. ನನ್ನ ರಜೆ ಉಳಿಯಿತು. ಥ್ಯಾಂಕ್ಸ್ ಹೇಳಿ ಬಾಗಿಲವರೆಗೆ ಬಂದಿದ್ದೆ.

"ಗುರುವಾರ ಪುತ್ತೂರಿಗೆ ಬಸ್ಸಿನಲ್ಲಿ ಅಲ್ವಾ ಹೋಗುವುದು?"

"ಹೌದು ಸರ್."

"ಹಾಗಾದ್ರೆ ಆ ಸ್ಪ್ಯಾನರ್ ಇಲ್ಲಿ ಇಟ್ಟು ಹೋಗಿ" ಎಂದರು. "ಆವತ್ತು ನನ್ನ ಹಿಂದಿನಿಂದ ಬರ್ಲಿಕ್ಕೆ ನೀವು ಇರುವುದಿಲ್ಲವಲ್ಲ."