ಮೀಟಿಂಗ್‌ನಲ್ಲಿ ಮನೆ ಕೇಳಿಸಬಾರದು

ನಮ್ಮ ಮನೆಗೆ ಹೊಸ ಸಾಮಾನೊಂದು ಬಂತೆಂದರೆ, ಅದರ ಡಬ್ಬ ಅಟ್ಟ ಸೇರುವ ಮೊದಲೇ ಒಂದು ಫಜೀತಿ ಆಗಿರುತ್ತದೆ. ನನ್ನ ಗಂಡ ಇದಕ್ಕೆ ನನ್ನ ಕೈಗುಣ ಎನ್ನುತ್ತಾರೆ. ಅತ್ತೆ ದುಡ್ಡಿನ ಕೊಬ್ಬು ಎನ್ನುತ್ತಾರೆ. ನಾನು ಸಾಫ್ಟ್‌ವೇರ್ ಇಂಜಿನಿಯರ್ ಆದ್ದರಿಂದ ಸೆಟ್ಟಿಂಗ್ ಸರಿಯಿಲ್ಲ ಎನ್ನುತ್ತೇನೆ.

ಈ ಸಾಮಾನುಗಳೆಲ್ಲ ಬಂದದ್ದಕ್ಕೆ ಕಾರಣ ಹೆಬ್ಬಾಳದ ಫ್ಲೈಓವರ್. ನಮ್ಮ ಮನೆ ಅಟ್ಟೂರಿನಲ್ಲಿ, ಆಫೀಸು ಹೆಬ್ಬಾಳ ದಾಟಿದ ಮೇಲೆ. ಆ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತು ನಾನು ತಿಂಡಿ ತಿಂದಿದ್ದೇನೆ, ನಿದ್ದೆ ಮಾಡಿದ್ದೇನೆ, ಪಕ್ಕದ ಕ್ಯಾಬ್‌ನವರ ಸಂಸಾರದ ಕಷ್ಟ ಪೂರ್ತಿ ಕೇಳಿ ಬುದ್ಧಿ ಹೇಳಿದ್ದೇನೆ. ವಾರಪೂರ್ತಿ ಆಫೀಸಿಗೆ ಬನ್ನಿ ಎಂದು ಕಂಪನಿ ಹೇಳಿದಾಗ, ಮೂರು ದಿನವಾದರೂ ಮನೆಯಿಂದ ಕೆಲಸ ಮಾಡುತ್ತೇನೆಂದು ಮ್ಯಾನೇಜರ್ ಹತ್ತಿರ ಗೋಗರೆದೆ. ಅವರು ಒಳ್ಳೆಯವರು. ದೀಪಾವಳಿವರೆಗೆ ನೋಡುತ್ತೇನೆ, ಆಮೇಲೆ ಕಾಯಂ ಮಾಡೋಣ ಎಂದರು. ಒಂದೇ ಷರತ್ತು.

"ಮೀಟಿಂಗ್‌ನಲ್ಲಿ ನಿಮ್ಮನೆ ಕೇಳಿಸ್ಬಾರ್ದು."

ಅತ್ತೆ ಇರುವ ಮನೆಯ ಬಗ್ಗೆ ಈ ಮಾತನ್ನು ಒಪ್ಪಿಕೊಂಡು ಬಂದೆನಲ್ಲ, ನನ್ನ ಧೈರ್ಯಕ್ಕೆ ಏನು ಹೇಳಬೇಕೋ ಗೊತ್ತಿಲ್ಲ.

೧. ಕಿವಿಯ ಮೇಲಿನ ಶಾಂತಿ

ಮೊದಲು ಕೊಂಡದ್ದು ಹೆಡ್‌ಫೋನ್. ಹಾಕಿಕೊಂಡರೆ ಸುತ್ತಲಿನ ಶಬ್ದವೆಲ್ಲ ಬಂದ್. ಮೊದಲ ದಿನ ಹಾಕಿಕೊಂಡಾಗ ಹಿಮಾಲಯದಲ್ಲಿ ಕೂತ ಹಾಗಾಯಿತು. ಅತ್ತೆ ಎದುರು ನಿಂತು ಏನೋ ಹೇಳಿದರು, ಬಾಯಿ ಆಡಿದ್ದಷ್ಟೇ ಕಂಡಿತು. ನಾನು ಹೂಂ ಎಂದು ತಲೆಯಾಡಿಸಿದೆ, ಅವರು ಚೀಲ ತೆಗೆದುಕೊಂಡು ತರಕಾರಿಗೆ ಹೊರಟರು. ಷರತ್ತು ಗೆದ್ದೆ ಅಂದುಕೊಂಡು ನಾನು ಮೀಟಿಂಗ್‌ನಲ್ಲಿ ನನ್ನ ಕೆಲಸದ ವರದಿ ಒಪ್ಪಿಸಲು ಶುರು ಮಾಡಿದೆ.

ನಡುವೆ ಮ್ಯಾನೇಜರ್ ನನ್ನನ್ನು ತಡೆದರು. ಅವರು ಮೂಲತಃ ದಾವಣಗೆರೆ ಕಡೆಯವರು, ಅಡುಗೆ ಬಲ್ಲವರು.

"ಮೊದ್ಲು ಹೋಗಿ ಕುಕ್ಕರ್ ಆಫ್ ಮಾಡಿ ಬನ್ನಿ. ಐದು ಸೀಟಿ ಆಯ್ತು, ಬೇಳೆ ಗಂಜಿಯಾಗಿರುತ್ತೆ."

ಅತ್ತೆ ಹೋಗುವಾಗ ಹೇಳಿದ್ದು ಅದನ್ನೇ. ಹೆಡ್‌ಫೋನ್ ಮುಚ್ಚುವುದು ನನ್ನ ಕಿವಿಯನ್ನು, ಊರಿನವರ ಕಿವಿಯನ್ನಲ್ಲ ಎಂಬ ಸಣ್ಣ ವಿಷಯ, ಇಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ. ಟೀಮಿನವರೆಲ್ಲ ನಮ್ಮ ಕುಕ್ಕರಿನ ಸೀಟಿ ಎಣಿಸುತ್ತ ಕೂತಿದ್ದರು, ಕೇಳಿಸದೇ ಇದ್ದದ್ದು ನನಗೊಬ್ಬಳಿಗೆ.

೨. ಮೈಕಿನ ಮುಖ

ಹಾಗಾದರೆ ಬೇಕಾದದ್ದು ಮೈಕು ಎಂದು ಒಬ್ಬ ಸಹೋದ್ಯೋಗಿ ಸಲಹೆ ಕೊಟ್ಟ. ತಾನು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯ ಮಾತನ್ನು ಮಾತ್ರ ಹಿಡಿಯುವ ಮೈಕು. ತರಿಸಿ, ನಡುಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಪಕ್ಕ ನಿಲ್ಲಿಸಿದೆ. ನೋಡಲು ಚೆಂದವಿತ್ತು. ಮುಂದೆ ಯಾವುದು ಹಿಂದೆ ಯಾವುದು ಎಂದು ಮಾತ್ರ ತಿಳಿಯುವಂತಿರಲಿಲ್ಲ. ಅದೃಷ್ಟ ನೋಡಿ, ಅದು ಮುಖ ಮಾಡಿದ್ದು ಅಡುಗೆಮನೆಗೆ.

ಆ ಹೊತ್ತಿಗೆ ಅತ್ತೆ ಬಾಗಲಗುಂಟೆಯಲ್ಲಿರುವ ತಂಗಿಯ ಜೊತೆ ಫೋನಿನಲ್ಲಿದ್ದರು. ಅವರ ಮಾತು ನಮ್ಮ ಮೀಟಿಂಗ್‌ನಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸಿತಂತೆ.

"ಅವನ್ಯಾರೋ ಮ್ಯಾನೇಜರ್ ಅಂತೆ ಕಣೇ. ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತಾನೆ, ನಾಳೇನೂ ಅದನ್ನೇ ಹೇಳ್ತಾನೆ. ಅದನ್ನ ಕೇಳಕ್ಕೆ ಹನ್ನೆರಡು ಜನ. ಒಂದ್ಸಲ ಬರ್ದು ಗೋಡೆಗೆ ಅಂಟ್ಸಿದ್ರೆ ಆಗಲ್ವಾ?"

ಮ್ಯಾನೇಜರ್, ಇವತ್ತಿಗೆ ಇಷ್ಟು ಸಾಕು, ಉಳಿದದ್ದು ಬರೆದು ಕಳಿಸುತ್ತೇನೆ ಎಂದರು. ನಾನು ಕೆಲಸಕ್ಕೆ ಸೇರಿದ ಮೇಲೆ ಹೇಳಿದ ಹೊತ್ತಿಗಿಂತ ಬೇಗ ಮುಗಿದ ಮೀಟಿಂಗ್ ಅದೊಂದೇ. ನಾನು ಅವಮಾನದಿಂದ ತಲೆ ಎತ್ತದೆ ಕೂತಿದ್ದರೆ ಟೀಮಿನ ಹುಡುಗಿಯೊಬ್ಬಳು ಮೆಸೇಜ್ ಕಳಿಸಿದಳು: ಆಂಟಿ ದಿನಾ ಈ ಹೊತ್ತಿಗೆ ಫ್ರೀ ಇರ್ತಾರಾ?

೩. ಗೇಟಿನ ಗಂಟೆ

ಮೈಕನ್ನು ತಿರುಗಿಸಿಟ್ಟೆ. ಇನ್ನುಳಿದದ್ದು ಬಾಗಿಲು ಬಡಿಯುವ ಕೊರಿಯರ್‌ನವರು. ಅದಕ್ಕೆ ಕ್ಯಾಮೆರಾ ಇರುವ ಕಾಲಿಂಗ್ ಬೆಲ್ ಕೊಂಡು ಕೆಳಗೆ ಗೇಟಿಗೆ ಹಾಕಿಸಿದೆ. ಯಾರಾದರೂ ಒತ್ತಿದರೆ ಸದ್ದಿಲ್ಲದೆ ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೆ ಅವರ ಮುಖ ಬರುತ್ತದೆ.

ಕೆಳಗಿನ ಮನೆಯಲ್ಲಿರುವುದು ನಮ್ಮ ಓನರ್ ಗೌಡರು. ಅಟ್ಟೂರು ಹಳ್ಳಿಯಾಗಿದ್ದಾಗ ಇಲ್ಲೇ ರಾಗಿ ಬೆಳೆದವರು, ಈಗ ಅದೇ ಜಾಗದಲ್ಲಿ ಬಾಡಿಗೆ ಬೆಳೆಯುತ್ತಾರೆ. ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ನಾನು ಹಾಕಿಸಿದ ಬೆಲ್ಲು ತಮಗಾಗಿಯೇ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಅಮೆರಿಕದ ಗ್ರಾಹಕರಿಗೆ ನನ್ನ ಪರದೆ ತೋರಿಸಿ ಹೊಸ ಕೆಲಸ ವಿವರಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಪರದೆಯ ತುಂಬ ಒಂದು ಕಣ್ಣು ಮತ್ತು ಅರ್ಧ ಮೀಸೆ ಬಂತು.

"ಮೇಡಂ, ನೀರ್ ಬಂದೈತೆ. ಮೋಟ್ರು ಆಕೀವ್ನಿ. ಕೇಳುಸ್ತಾ?"

ನೀರು ಬಂದ ಸುದ್ದಿ ಎಂದು ವಿವರಿಸಿ, ಕ್ಷಮೆ ಕೇಳಿ ಮುಚ್ಚಿದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಮೀಸೆ. ಅದರ ಮರುದಿನ ನೀರೂ ಇರಲಿಲ್ಲ, ಬೆಲ್ಲು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಸುಮ್ಮನೆ ಒತ್ತಿದ್ದರಂತೆ. ಆ ಸಂಜೆ ಕೆಳಗಿಳಿದು, ಮೀಟಿಂಗ್ ಹೊತ್ತಿನಲ್ಲಿ ಒತ್ತಬೇಡಿ ಎಂದು ಕೈಮುಗಿದು ಬಂದೆ. ಅವರು ಸ್ವಲ್ಪ ಬೇಜಾರಾದರು, ಆದರೂ ಮಾತು ಉಳಿಸಿಕೊಂಡರು. ಮುಂದಿನ ಮೀಟಿಂಗ್ ಯಾವ ಮೀಸೆಯೂ ಇಲ್ಲದೆ ಮುಗಿಯಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅಮೆರಿಕದವನು ಕಳವಳದಿಂದ, ಇವತ್ತು ನಿಮ್ಮಲ್ಲಿ ನೀರು ಬರಲಿಲ್ಲವಾ ಎಂದು ಕೇಳಿದ.

೪. ಮಂಕರಿ

ದೀಪಾವಳಿಗೆ ಒಂದು ವಾರ ಇತ್ತು. ಇಷ್ಟೆಲ್ಲ ಆದರೂ ಮ್ಯಾನೇಜರ್ ಇನ್ನೂ ಬೇಡ ಎಂದಿರಲಿಲ್ಲ. ಒಂದು ವಾರ ಉಸಿರು ಬಿಗಿಹಿಡಿದರೆ ಫ್ಲೈಓವರ್‌ನಿಂದ ಬಿಡುಗಡೆ. ಅಂಥ ಹೊತ್ತಿನಲ್ಲಿ ನಾನು ಕಸ ಗುಡಿಸುವ ರೋಬೋ ತಂದೆ. ಹಬ್ಬದ ಆಫರ್ ಇತ್ತು, ತಡೆಯಲಾಗಲಿಲ್ಲ.

ತಟ್ಟೆಯ ಹಾಗೆ ಚಪ್ಪಟೆಯಾಗಿ ನೆಲದ ಮೇಲೆ ಹರಿದಾಡುವ ಯಂತ್ರ ಅದು. ಎಲ್ಲಾದರೂ ಸಿಕ್ಕಿಕೊಂಡರೆ ಹೆಣ್ಣುದನಿಯಲ್ಲಿ ಇಂಗ್ಲಿಷಿನಲ್ಲಿ ಸಹಾಯ ಕೇಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಗುಡಿಸು ಎಂದು ಅದಕ್ಕೆ ಹೇಳಿಟ್ಟೆ. ಅದರ ಗಡಿಯಾರ ಅಮೆರಿಕದ್ದು ಎಂದು ನೋಡಲಿಲ್ಲ. ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ಬೇರೆ ಬೇರೆ ದೇಶದ ಸಮಯ ಹೊಂದಿಸುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಕೆಲಸ ಎಂದು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ.

ಆ ಸಂಜೆ ಮೀಟಿಂಗ್ ನಡೆಯುತ್ತಿತ್ತು. ಹೆಡ್‌ಫೋನಿನ ಚಾರ್ಜ್ ಮುಗಿಯಿತು. ಕ್ಯಾಮೆರಾ ಆಫ್ ಇತ್ತು, ಮೈಕು ಆಫ್ ಮಾಡುವುದನ್ನು ಮರೆತು, ಚಾರ್ಜರ್ ಹುಡುಕಲು ಮಲಗುವ ಕೋಣೆಗೆ ಹೋದೆ. ಅದು ಮಂಚದ ಹಿಂದೆ ಬಿದ್ದಿತ್ತು. ಮಂಚ ಸರಿಸಿ ಅದನ್ನು ತೆಗೆಯುವಷ್ಟರಲ್ಲಿ ನಡುಮನೆಯಲ್ಲಿ ನಡೆದದ್ದನ್ನು ನಾನು ಆಮೇಲೆ ಎರಡೂ ಕಡೆಯವರಿಂದ ಕೇಳಿ ತಿಳಿದೆ.

ಅತ್ತೆ ದೇವರಿಗೆ ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಹೊಗೆಯನ್ನು ಮನೆಯೆಲ್ಲ ತೋರಿಸುತ್ತ ಬಂದರೆ ರೋಬೋ ಗುಡಿಸುತ್ತಿದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂದು ನಂಬಿದವರು ಅವರು, ಆ ಹೊತ್ತಿನಲ್ಲಿ ಪೊರಕೆ ಮುಟ್ಟುವವರಲ್ಲ. ಬಿದಿರಿನ ಮಂಕರಿಯೊಂದನ್ನು ತಂದು ರೋಬೋ ಮೇಲೆ ಕವುಚಿ, ಮೇಲೆ ಕುಟ್ಟಾಣಿ ಇಟ್ಟರು. ಒಳಗಿನಿಂದ ಹೆಣ್ಣುದನಿ ಕೂಗತೊಡಗಿತು: ನಾನು ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಸಹಾಯ ಮಾಡಿ. ಅದಕ್ಕೆ ಅತ್ತೆಯ ಉತ್ತರವೂ ಮೈಕಿನಲ್ಲಿ ಸ್ಪಷ್ಟವಾಗಿ ಹೋಯಿತು.

"ಬಾಯ್ಮುಚ್ಕೊಂಡ್ ಬಿದ್ದಿರು. ಎಷ್ಟು ಅತ್ರೂ ಬೆಳಿಗ್ಗೆವರ್ಗೂ ಬಿಡಲ್ಲ."

ಮ್ಯಾನೇಜರ್ ನನ್ನ ಹೆಸರು ಹಿಡಿದು ಕರೆದರು, ನಾನಿನ್ನೂ ಮಂಚದ ಹಿಂದೆ. ಆಗ ಅವರು ದನಿ ತಗ್ಗಿಸಿ, ಪಾಪ, ಬಹಳ ಜಾಣತನದಿಂದ ಒಂದು ಮಾತು ಹೇಳಿದರು.

"ಮಾತಾಡೋ ಹಾಗಿಲ್ಲ ಅಂದ್ರೆ ಒಂದ್ಸಲ ಕೆಮ್ಮಿ, ಸಾಕು."

ಆ ಗಳಿಗೆಗೆ ಅತ್ತೆಗೆ ಸಾಂಬ್ರಾಣಿ ಹೊಗೆ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು. ಒಂದು ಸಲ ಅಲ್ಲ, ಕಣ್ಣಲ್ಲಿ ನೀರು ಬರುವವರೆಗೆ.

ನಾನು ಚಾರ್ಜರ್ ಹಿಡಿದು ಬಂದಾಗ ಅತ್ತೆ ನೀರು ಕುಡಿಯಲು ಒಳಗೆ ಹೋಗಿದ್ದರು. ಅದನ್ನು ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡರೆ ಟೀಮಿನವರೆಲ್ಲ ಒಟ್ಟಿಗೆ, ಹುಷಾರಾಗಿದ್ದೀರಾ ಎಂದು ಕೇಳಿದರು. ಈಗ ಪರವಾಗಿಲ್ಲ ಎಂದೆ. ಮ್ಯಾನೇಜರ್ ಎಲ್ಲಿ ಎಂದರೆ, ಆಗಲೇ ಬೈಕ್ ಹತ್ತಿದ್ದಾರೆ ಎಂದರು. ಸಂಜೆಯ ಮೀಟಿಂಗ್ ಅವರದೂ ಮನೆಯಿಂದಲೇ, ಮನೆ ಯಲಹಂಕ ನ್ಯೂಟೌನಿನಲ್ಲಿ, ನಮ್ಮಿಂದ ಹತ್ತಿರ. ನಾನು ಫೋನ್ ಮಾಡುತ್ತಲೇ ಇದ್ದೆ, ಅವರು ಎತ್ತಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಮೀಸೆ ಬಂತು, ಅದರ ಹಿಂದೆ ಒಂದು ಹೆಲ್ಮೆಟ್.

"ಮೇಡಂ, ಮೀಟಿಂಗ್ ಟೈಮು ಅಂತ ಗೊತ್ತು. ಯಾರೋ ಬಂದವ್ರೆ, ನಿಮ್ಮನ್ನ ಬಿಡುಸ್ಕೊಂಡ್ ಓಗ್ಬೇಕಂತೆ. ಬಿಡ್ಲಾ?"

ಮ್ಯಾನೇಜರ್ ಮೇಲೆ ಬಂದರು. ನನ್ನನ್ನು ನೋಡಿ, ಮಂಕರಿಯನ್ನು ನೋಡಿ, ಅದರೊಳಗಿನ ಅಳು ಕೇಳಿ, ಅಲ್ಲೇ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಕಾಫಿ ಕೊಟ್ಟರು, ಜೊತೆಗೆ ಹಬ್ಬಕ್ಕೆ ಮಾಡಿದ್ದ ಕೋಡುಬಳೆ. ಎರಡು ಕೋಡುಬಳೆ ಒಳಗೆ ಹೋದ ಮೇಲೆ ಮ್ಯಾನೇಜರ್ ಮನಸ್ಸು ಕರಗಿತು. ಮನೆ ಅಂದ ಮೇಲೆ ಕೇಳಿಸದೆ ಇರುತ್ತದೆಯೇ, ವಾರಕ್ಕೆ ಮೂರು ದಿನ ಮನೆಯಿಂದಲೇ ಮಾಡಿ, ನಾಳೆಯೇ ಒಪ್ಪಿಗೆ ಕಳಿಸುತ್ತೇನೆ ಎಂದರು. ನನಗಾದ ಖುಷಿಗೆ ರೋಬೋವನ್ನು ಎತ್ತಿ ಮುದ್ದಾಡುವುದೊಂದು ಬಾಕಿ.

ಆಗ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಅವರ ಎದುರು ಬಂದು ಕೂತರು.

"ಯಾರನ್ನ ಕೂಡಿಹಾಕಿದಾರೆ ಅಂತ ಓಡ್ಬಂದೆ ಅಲ್ವಾ? ನನ್ನನ್ನ ಕಣಪ್ಪಾ. ಇವಳಿಗೆ ಮೀಟಿಂಗು ಅಂದ್ರೆ ನಾನು ಮಿಕ್ಸಿ ಹಾಕೋ ಹಾಗಿಲ್ಲ, ಟೀವಿ ಹಾಕೋ ಹಾಗಿಲ್ಲ, ಸೊಪ್ಪಿನವಳನ್ನ ಕೂಗೋ ಹಾಗಿಲ್ಲ. ನನ್ನ ತಂಗಿ ಜೊತೆ ಬಚ್ಚಲಲ್ಲಿ ನಿಂತು ಮಾತಾಡ್ತೀನಿ. ನಿನಗೆ ಪುಣ್ಯ ಬರುತ್ತೆ, ಇವಳನ್ನ ದಿನಾ ಆಫೀಸಿಗೆ ಕರೆಸ್ಕೋ."

ಬಚ್ಚಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಪಾಪ ಅನ್ನಿಸಿತು, ಮರುಗಳಿಗೆ ನಗು ಬಂತು, ಹೆಬ್ಬಾಳ ನೆನಪಾಗಿ ಅದೂ ನಿಂತಿತು. ಮ್ಯಾನೇಜರ್ ಲೋಟ ಕೆಳಗಿಟ್ಟರು. ನನ್ನ ಮುಖ ನೋಡದೆ, ಸೋಮವಾರದಿಂದ ಆಫೀಸಿಗೆ ಬನ್ನಿ ಎಂದು ಹೇಳಿ, ಇನ್ನೊಂದು ಕೋಡುಬಳೆ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಹೆಂಗಸೊಬ್ಬಳನ್ನು ಬಿಡಿಸಲು ಬಂದವರು, ಬಿಡಿಸಿಯೇ ಹೋದರು.